ಗಾಲಿಯೊಳಗಿನ ಗುಂಡುಗಳು

ವಿಜಯಪುರದ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ ತೋಪನ್ನು ಕಂಡವರಿಗೆ, ಸುಮಾರು 55 ಟನ್ ತೂಕದ ಆ ಲೋಹರಾಶಿಯನ್ನು ದೂರದ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದ ಬಗೆ ಹೇಗೆಂದು ಅಚ್ಚರಿಯಾಗದಿರದು. ಹತ್ತು ಆನೆ, ನಾನೂರು ಎತ್ತು, ನೂರಾರು ಆಳುಗಳು ಎಳೆದರೆಂದು ಪ್ರತೀತಿ. ಭಾರಕ್ಕಿಂತಲೂ ಅವರನ್ನು ಹೆಚ್ಚು ದಣಿಸಿದುದು ತಿಕ್ಕಾಟವೆಂಬ ಶತ್ರು. ಆ ಶತ್ರುವನ್ನು ಗೆಲ್ಲಲೆಂದೇ ನಮ್ಮ ರೈತರು ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಸವರುತ್ತ ಬಂದರು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಎಂಬಾತನು ಅಚ್ಚಿಗೂ ಗಾಲಿಗೂ ನಡುವೆ ಗುಂಡುಗಳನ್ನಿರಿಸಿ ಪೇಟೆಂಟು ಪಡೆದನು. ಉಜ್ಜುತ್ತಿದ್ದುದು ಉರುಳತೊಡಗಿತು. ಇಂದು ನಮ್ಮ ಕಾರಿನ ಗಾಲಿಯಲ್ಲಿರುವ ಬೇರಿಂಗು ಆ ಉಪಾಯದ ಸಂತತಿಯೇ ಸರಿ.

ರೋಗದ ಲಕ್ಷಣ

ಅಥಣಿಯ ದಾರಿಯಲ್ಲಿರುವ ತಿಕೋಟಾಕ್ಕೋ, ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರಕ್ಕೋ ಸಂಸಾರಸಮೇತ ಹೊರಟಾಗ ಗಾಲಿಯ ಕಡೆಯಿಂದ ಗುಂಯ್ ಎಂಬ ನಾದ ಕೇಳಿಸಿತೆನ್ನಿ. ವೇಗ ಏರಿದಂತೆ ನಾದವೂ ಏರಿದರೆ, ರಸ್ತೆಯ ಮೈ ಬದಲಾದರೂ ಅದು ಬದಲಾಗದಿದ್ದರೆ, ಟಯರಿಗಿಂತ ಬೇರಿಂಗಿನ ಮೇಲೆಯೇ ಸಂಶಯ ಹೆಚ್ಚು. ಬಲಕ್ಕೆ ತಿರುಗುವಾಗ ಭಾರ ಎಡಗಡೆಗೆ ಬೀಳುತ್ತದೆ. ಆಗ ಶಬ್ದ ಹೆಚ್ಚಿದರೆ ಸಾಮಾನ್ಯವಾಗಿ ರೋಗ ಎಡಗಾಲಿಯದು. ಗಾಡಿಯನ್ನೆತ್ತಿ, ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ ನೋಡಬೇಕು. ಸಡಿಲವಿದ್ದರೆ, ತಿರುಗಿಸಿದಾಗ ಗರಗರ ಎಂದರೆ, ಅನುಮಾನ ಬಲಪಡುತ್ತದೆ.

ಗುಂಡಿಗಳ ಹೊಡೆತ, ಒಳನುಸುಳಿದ ನೀರು, ಕೆಸರು, ಧೂಳು ಇವು ಬೇರಿಂಗಿನ ಆಯುಷ್ಯವನ್ನು ಕುಗ್ಗಿಸುತ್ತವೆ. ಎರೆಮಣ್ಣಿನ ಸೀಮೆಯಲ್ಲಿ ಈ ಮಾತಿಗೆ ಸಾಕ್ಷಿ ಬೇಕಿಲ್ಲ.

ಮನೆಯಲ್ಲಿ ಮಾಡಬಹುದೇ?

ನೆರೆಯವರಲ್ಲಿ ಕೇಳಿದರೆ ಹತ್ತು ಜನ ಹತ್ತು ಬಗೆಯಾಗಿ ಹೇಳುವರು. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಮಾತೇ ಪ್ರಮಾಣ. ಕೆಲವು ಕಾರುಗಳಲ್ಲಿ ಹಬ್ಬು, ಬೇರಿಂಗು ಒಂದೇ ತುಂಡಾಗಿ ಬೋಲ್ಟುಗಳಿಂದ ಬಿಗಿದಿರುತ್ತವೆ. ಕೈಹಿಡಿತವುಳ್ಳವರು ಇದನ್ನು ಅಂಗಳದಲ್ಲೇ ಬದಲಿಸಬಲ್ಲರು. ಇನ್ನು ಕೆಲವುಗಳಲ್ಲಿ ಬೇರಿಂಗನ್ನು ಒತ್ತಡದಿಂದ ಕೂರಿಸಿರುತ್ತಾರೆ. ಇಲ್ಲಿ ಸುತ್ತಿಗೆಯ ಸಾಹಸ ಸಲ್ಲದು. ಹೊರಬಳೆಯನ್ನು ಕೂರಿಸುವಾಗ ಒತ್ತು ಹೊರಬಳೆಯ ಮೇಲೆಯೇ ಬೀಳಬೇಕು. ಒಳಬಳೆಯ ಮೇಲೆ ಬಿದ್ದರೆ ಗುಂಡುಗಳು ಓಡುವ ಹಾದಿಯಲ್ಲಿ ತಗ್ಗು ಮೂಡಿ, ಹೊಸ ಬೇರಿಂಗು ಮೊದಲ ದಿನವೇ ಹಳತಾದೀತು. ಆ ಭಾಗವನ್ನು ಕಳಚಿ ಒತ್ತುಯಂತ್ರವುಳ್ಳ ಕಾರ್ಖಾನೆಗೆ ಒಯ್ಯುವುದೇ ಜಾಣತನ. ಎ.ಬಿ.ಎಸ್. ಬ್ರೇಕಿನ ಅನೇಕ ಗಾಡಿಗಳಲ್ಲಿ ಬೇರಿಂಗಿನ ಒಂದು ಮುಖಕ್ಕೆ ಕಾಂತಪಟ್ಟಿಯಿರುತ್ತದೆ. ಅದು ಸಂವೇದಕದತ್ತ ತಿರುಗಿರಬೇಕು.

ನಕಲಿ ಬೇರಿಂಗುಗಳ ಹಾವಳಿಯೂ ಉಂಟು. ಅಧಿಕೃತ ಮಾರಾಟಗಾರರಲ್ಲಿ ರಸೀದಿ ಪಡೆದು ಕೊಳ್ಳುವುದು ಲೇಸು.

ಮರೆಯಬಾರದ ಮಾತು

ಜಾಕು ಎತ್ತುವ ಸಾಧನವೇ ಹೊರತು ಹೊರುವ ಕಂಬವಲ್ಲ. ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಉಳಿದ ಗಾಲಿಗಳಿಗೆ ತಡೆಯಿಟ್ಟು, ಗಟ್ಟಿಯಾದ ಆಧಾರದ ಮೇಲೆ ಇಳಿಸಿದ ಮೇಲೆಯೇ ಕೈಹಾಕಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ನಡುವಣ ದೊಡ್ಡ ನಟ್ಟನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸುವುದು ಕ್ಷೇಮ. ಕಳಚಿದ ಬ್ರೇಕಿನ ಕ್ಯಾಲಿಪರನ್ನು ಅದರ ಕೊಳವೆಯಿಂದ ಜೋತುಬಿಡದೆ ತಂತಿಯಿಂದ ಕಟ್ಟಿಡಬೇಕು. ನಟ್ಟನ್ನು ಬಿಗಿಯುವಾಗ ಅಂದಾಜು ಬೇಡ. ಕೈಪಿಡಿಯಲ್ಲಿ ಹೇಳಿದಷ್ಟೇ ಬಲವನ್ನು ಅಳತೆಯ ಪಾನದಿಂದ ಕೊಡಬೇಕು. ಸಡಿಲವಾದರೂ ಕೇಡು, ಅತಿಯಾದರೂ ಕೇಡು. ಗಾಡಿ ಹೊರಡುವ ಮುನ್ನ ಬ್ರೇಕಿನ ಪೆಡಲನ್ನು ಬಿಗಿಯಾಗುವವರೆಗೆ ಹಲವು ಸಲ ಒತ್ತುವುದನ್ನು ಮರೆಯಲಾಗದು.

ಸ್ವಂತ ದುಡಿಮೆಯಿಂದ ಕೂಲಿ ಉಳಿಯುವುದು ನಿಜ. ಆದರೆ ಬೇರಿಂಗು ತೀರ ಸವೆದರೆ ಗಾಲಿ ಬಿಗಿದು ನಿಂತೀತು, ಕಳಚಿಯೂ ಹೋದೀತು. ಆ ಗಾಲಿಯ ಮೇಲೆ ಸಾಗುವುದು ನಮ್ಮ ಹೆಂಡತಿ-ಮಕ್ಕಳ, ತಂದೆ-ತಾಯಿಯರ ಜೀವ. ಕೈಯಲ್ಲಿ ಸಾಧನವೂ ಮನಸ್ಸಿನಲ್ಲಿ ನಿಶ್ಚಯವೂ ಇದ್ದರೆ ಅಂಗಳದಲ್ಲಿ ಕೆಲಸಕ್ಕಿಳಿಯಬಹುದು. ಎರಡರಲ್ಲಿ ಒಂದಿಲ್ಲದಿದ್ದರೂ ಮೇಸ್ತ್ರಿಯ ಬಾಗಿಲು ತಟ್ಟುವುದರಲ್ಲಿ ಅವಮಾನವೇನೂ ಇಲ್ಲ. ಗಾಲಿಯ ಗೊಣಗಾಟಕ್ಕೆ ಕಿವಿ ಮುಚ್ಚಿಕೊಂಡು ಮುಂದೆ ಸಾಗುವುದು ಮಾತ್ರ ಯಾರಿಗೂ ತರವಲ್ಲ.