ತಿಮ್ಮಯ್ಯ ವೃತ್ತದಲ್ಲಿ ಮಗ ಕೇಳಿದ ಪ್ರಶ್ನೆ

"ಉಪ್ಪಾ, ಇವರು ಯಾರು?"

ಕಳೆದ ಡಿಸೆಂಬರ್‌ನಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಪ್ರತಿಮೆಯತ್ತ ಕೈತೋರಿಸಿ ಒಂಬತ್ತು ವರ್ಷದ ಮಗ ಕೇಳಿದ. ನನ್ನಲ್ಲಿದ್ದ ಉತ್ತರ ಇಷ್ಟೇ: "ಮಿಲಿಟರಿಯವರು."

ತಂಗಿಯನ್ನು ಕೊಟ್ಟದ್ದು ವೀರಾಜಪೇಟೆಗೆ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ವರ್ಷಕ್ಕೆ ನಾಲ್ಕು ಸಲವಾದರೂ ಮಡಿಕೇರಿಗೆ ಬರುತ್ತೇವೆ. ಬಸ್ ಬದಲಿಸುತ್ತೇವೆ, ಕಾಫಿ ಪುಡಿ, ಜೇನು, ಕಿತ್ತಳೆ ಕಟ್ಟಿಸಿಕೊಳ್ಳುತ್ತೇವೆ, ಹೊರಡುತ್ತೇವೆ. ವೃತ್ತದಲ್ಲಿ ನಿಂತವರು ಯಾರೆಂದು ವಿಚಾರಿಸಿದ್ದೇ ಇಲ್ಲ.

"ಗೊತ್ತಿಲ್ಲದಿದ್ರೆ ತಿಳ್ಕೊಂಡು ಹೇಳು. ಮಗುವಿಗೆ ಸುಮ್ನೆ ಏನಾದ್ರೂ ಹೇಳ್ಬೇಡ" ಎಂದರು ಉಮ್ಮ.

ಆಟೊದವರನ್ನು ಕೇಳಿದೆ. "ತಿಮ್ಮಯ್ಯನವರ ಮನೆಯೇ ಇದೆಯಲ್ಲ, ಹತ್ತಿ" ಎಂದರು. ದಾರಿಯಲ್ಲಿ ಅವರೇ ಹೇಳಿದರು: 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ಆ ಪ್ರತಿಮೆ ಬಿದ್ದಿತ್ತು. ರಿಪೇರಿ ಮಾಡಿ ಮತ್ತೆ ನಿಲ್ಲಿಸಿದ್ದಾರೆ.

ಆ ಮನೆಯ ಹೆಸರು 'ಸನ್ನಿ ಸೈಡ್'. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಕಾಫಿ ಬೆಳೆಗಾರರ ಕೊಡವ ಕುಟುಂಬದಲ್ಲಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬದುಕಿನ ಕೊನೆಯ ಭಾಗ. ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಕ್ರೈಸ್ತರಿಗೂ ತುರ್ಕಿ ಮುಸ್ಲಿಮರಿಗೂ ನಡುವೆ ಹೊಡೆದಾಟ ನಡೆದು, ನೆರೆಕರೆಯವರೇ ಒಬ್ಬರಿಗೊಬ್ಬರು ಹೆದರಿ ಬದುಕುತ್ತಿದ್ದ ಕಾಲವದು. ನಿವೃತ್ತರಾಗಿದ್ದ ತಿಮ್ಮಯ್ಯ 1964ರಲ್ಲಿ ಅಲ್ಲಿನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಹೊಣೆ ಹೊತ್ತರು. 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿರುವಾಗಲೇ ಅಲ್ಲೇ ತೀರಿಕೊಂಡರು. ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

"ಎರಡೂ ಕಡೆಯವರು ಅವರ ಮಾತು ಕೇಳ್ತಿದ್ರಾ?" ಮಗನ ಮುಂದಿನ ಪ್ರಶ್ನೆ.

"ಜಗಳ ಅಷ್ಟು ಬೇಗ ಮುಗೀಲಿಲ್ಲ ಮಗಾ. ಆದ್ರೆ ಇವರು ನಡುವೆ ನಿಂತ್ರು."

ನಮ್ಮೂರಿನ ಕಟ್ಟೆಗಳಲ್ಲಿ, ಮೊಬೈಲ್‌ಗಳಲ್ಲಿ ಈಗ ನಡೆಯುವ ಮಾತುಗಳನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದಾರೆ. 'ನಾವು', 'ಅವರು' ಎಂಬ ಲೆಕ್ಕ ಅವರಿಗೆ ನಾವು ಕಲಿಸದೆಯೇ ಬರುತ್ತಿದೆ. ನಡುವೆ ನಿಂತವರ ಕತೆಯನ್ನು ಮಾತ್ರ ನಾವೇ ಕೂತು ಹೇಳಬೇಕು.

ಸಂಜೆ ಮತ್ತೆ ವೃತ್ತಕ್ಕೆ ಬಂದೆವು. ಕೈಚೀಲ, ಗಂಟುಮೂಟೆ ಹಿಡಿದು ಒಂದು ಕುಟುಂಬ ತೋಟದ ಜೀಪಿಗೆ ಕಾಯುತ್ತಿತ್ತು. ಎಲ್ಲಿಯವರೆಂದು ಉಮ್ಮ ಕೇಳಿದರು.

"ಹಾನಗಲ್ ಕಡೆಯವ್ರು ರೀ. ಕಾಫಿ ಹಣ್ಣು ಬಿಡಸಾಕ ಬಂದೀವಿ" ಎಂದರು ಆ ತಾಯಿ. ಉಮ್ಮ ಚೀಲದಿಂದ ಕಿತ್ತಳೆ ತೆಗೆದು ಅವರ ಮಕ್ಕಳಿಗೆ ಕೊಟ್ಟರು. ಚಿಕ್ಕವನೊಬ್ಬ ಹಣ್ಣು ಸುಲಿಯುತ್ತಾ ಪ್ರತಿಮೆಯನ್ನೇ ನೋಡುತ್ತಿದ್ದ.

"ಇವ್ರು ಯಾರು ರೀ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ ಹೇಳಲು ಶುರುಮಾಡಿದ್ದ.