ಮತ್ತೊಮ್ಮೆ ಬರೆಯಬೇಕೇ? ಮೊದಲು ಕುಳಿತು ಲೆಕ್ಕ ಹಾಕೋಣ

ನೀಟ್ ಫಲಿತಾಂಶ ಬಂದ ವಾರ ಉಮರಗಾ, ನಿಲಂಗಾ, ಉದಗೀರ ಕಡೆಯ ಅನೇಕ ಮನೆಗಳಲ್ಲಿ ಒಂದೇ ಮಾತು: "ಇನ್ನೊಂದು ವರ್ಷ ಕೂಡಿಸೋಣೇನು?" ನಿಲಂಗಾ, ಉದಗೀರ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇಂದಿಗೂ ಇಲ್ಲಿನ ಕೆಲವು ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಓದುತ್ತಾರೆ. ಒಂದು ಕಡೆ 'ಲಾತೂರ ಪ್ಯಾಟರ್ನ್' ಹೆಸರು ಕರೆಯುತ್ತದೆ, ಇನ್ನೊಂದು ಕಡೆ ಬೀದರಿನ ಲಾಂಗ್ ಟರ್ಮ್ ತರಗತಿಗಳು ಕರೆಯುತ್ತವೆ. ಆತುರದಲ್ಲಿ ಶುಲ್ಕ ಕಟ್ಟುವವರೂ ಇದ್ದಾರೆ, ನಿರಾಶೆಯಲ್ಲಿ ಪುಸ್ತಕ ಮುಚ್ಚಿಡುವವರೂ ಇದ್ದಾರೆ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದ್ದನ್ನು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುತ್ತೇವೆ. ಗೋಪುರ ಕಟ್ಟಬೇಡ ಎಂದು ಪ್ರಭು ಹೇಳಲಿಲ್ಲ; ಮೊದಲು ಕುಳಿತುಕೊಳ್ಳಲು ಹೇಳಿದರು. ನಾವೂ ಮಕ್ಕಳೊಡನೆ ಕುಳಿತು ನಾಲ್ಕು ಲೆಕ್ಕ ಹಾಕೋಣ.

ಮೊದಲನೆಯದು, ಸೀಟಿನಿಂದ ಎಷ್ಟು ದೂರ ಇದ್ದೇವೆ? ಅಂಕವನ್ನಲ್ಲ, ರ‍್ಯಾಂಕನ್ನು ನೋಡಬೇಕು. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಜನರಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ಮೊದಲ ಸ್ಥಾನಕ್ಕೇ 686 ಅಂಕ. ಆ ವರ್ಷ ಅರ್ಹರಾದವರು 12.36 ಲಕ್ಷ, ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ. 'ಕ್ವಾಲಿಫೈ' ಆಗುವುದು ಬೇರೆ, ಸೀಟು ಸಿಗುವುದು ಬೇರೆ. ನಮ್ಮ ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತು ಎಂದು ನೋಡಿದರೆ ದೂರ ತಿಳಿಯುತ್ತದೆ.

ಎರಡನೆಯದು, ಮುಂದಿನ ವರ್ಷ ಏನು ಬದಲಾಗುತ್ತದೆ? "ಇನ್ನೂ ಕಷ್ಟಪಟ್ಟು ಓದ್ತೀನಿ" ಎಂಬುದು ಸಾಕಾಗುವ ಉತ್ತರವಲ್ಲ. ಉತ್ತರಪತ್ರಿಕೆ ಮುಂದಿಟ್ಟುಕೊಳ್ಳಿ. ಸರಿಯಾದ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದಾಜಿನಲ್ಲಿ ಬರೆದ 40 ತಪ್ಪುಗಳಿದ್ದರೆ ಗಳಿಸಿದ್ದರಲ್ಲೇ 40 ಅಂಕ ಹೋಯಿತು. ಒಟ್ಟು ಅಂಕಗಳ ಅರ್ಧ, ಅಂದರೆ 360, ಜೀವಶಾಸ್ತ್ರಕ್ಕೇ ಇದೆ, ಅಲ್ಲಿ ಏನಾಯಿತು? ಭಾಷೆ ತೊಡಕಾಯಿತೇ? ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ, ಮರಾಠಿ ಪತ್ರಿಕೆ ಮಹಾರಾಷ್ಟ್ರದ ಕೇಂದ್ರಗಳಲ್ಲಿ ಸಿಗುತ್ತದೆ. ಗಡಿಯಲ್ಲಿರುವ ನಾವು ಅರ್ಜಿ ತುಂಬುವಾಗಲೇ ಇದನ್ನು ಯೋಚಿಸಬೇಕು.

ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರಿಗೆ ಲತೀನ್ ಭಾಷೆ ಹತ್ತಲಿಲ್ಲ. ಲಿಯೋನ್ ನಗರದ ಗುರುಮಠದಿಂದ ಹಿಂದೆ ಬರಬೇಕಾಯಿತು. ಅವರಿಗೆ ಕಲಿಸುತ್ತಿದ್ದ ಫಾದರ್ ಬ್ಯಾಲಿ ಕೈಬಿಡಲಿಲ್ಲ. ವಿಯಾನ್ನಿಯವರಿಗೆ ಗೊತ್ತಿದ್ದ ಫ್ರೆಂಚ್ ಭಾಷೆಯಲ್ಲೇ ಮತ್ತೆ ಪರೀಕ್ಷಿಸುವಂತೆ ಮಾಡಿದರು. 1815ರಲ್ಲಿ ಅವರಿಗೆ ಯಾಜಕ ದೀಕ್ಷೆಯಾಯಿತು. ಎರಡನೆಯ ಪರೀಕ್ಷೆ ಮೊದಲಿನದರ ನಕಲಾಗಿರಲಿಲ್ಲ. ವಿಧಾನ ಬದಲಾಗಿತ್ತು, ಜೊತೆಗೆ ನಿಂತವರೊಬ್ಬರಿದ್ದರು.

ಮೂರನೆಯದು, ಹಣ. ಶುಲ್ಕ, ಹಾಸ್ಟೆಲ್, ಮೆಸ್ ಎಲ್ಲ ಸೇರಿಸಿ ಬರೆಯಿರಿ. ಈ ಹಣ ಸೋಯಾ, ತೊಗರಿಯ ಫಸಲಿನಿಂದ ಬರುವುದೇ, ಅಡವಿಟ್ಟ ಹೊಲದಿಂದಲೇ? ತಂಗಿಯ ಓದು ನಿಲ್ಲುವುದಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳಲ್ಲಿ ಹಿಂದಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಸೇರುವ ಮೊದಲೇ ಈ ಮಾತನ್ನು ಬರಹದಲ್ಲಿ ಕೇಳಿ ಪಡೆಯಿರಿ.

ನಾಲ್ಕನೆಯದು, ಇದು ಯಾರ ಆಸೆ? 2024ರಲ್ಲಿ ಕೃಪಾಂಕ ರದ್ದಾದ 1,563 ವಿದ್ಯಾರ್ಥಿಗಳಿಗೆ ಮತ್ತೆ ಬರೆಯುವ ಆಯ್ಕೆ ಕೊಡಲಾಯಿತು. ಬರೆದವರು 813, ಬರೆಯದವರು 750. ಬರೆದವರೆಲ್ಲ ಧೀರರು, ಬರೆಯದವರೆಲ್ಲ ಹೇಡಿಗಳು ಎನ್ನಲಾದೀತೇ? ಮಗಳನ್ನೋ ಮಗನನ್ನೋ ಬೀಗರು ನೆಂಟರಿಲ್ಲದ ಹೊತ್ತಿನಲ್ಲಿ ಕೂಡಿಸಿಕೊಂಡು ಕೇಳಿ. 'ಬೇಡ' ಎಂದರೆ ಸಿಟ್ಟಾಗುವುದಿಲ್ಲ ಎಂಬ ಭರವಸೆ ಮೊದಲು ಕೊಡಿ. 2023ರಲ್ಲಿ ಕೋಟಾ ನಗರವೊಂದರಲ್ಲೇ 20ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಮಗು ಊಟ, ನಿದ್ದೆ, ಮಾತು ಬಿಟ್ಟಿದ್ದರೆ ಕೋಚಿಂಗ್ ಮಾತನ್ನು ಬದಿಗಿಡಿ. ಸರಕಾರದ ಉಚಿತ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು.

"ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ" ಎಂಬ ಭಯ ಬೇಡ. ನೀಟ್‌ಗೆ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆಯಲಾಯಿತು. ಬೇರೆ ಬಾಗಿಲುಗಳೂ ಇವೆ. ಆಯುರ್ವೇದ, ದಂತವೈದ್ಯಕ್ಕೂ ಇದೇ ನೀಟ್ ಅಂಕ ಸಲ್ಲುತ್ತದೆ. ಉದಗೀರದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ದನಕರು ನಂಬಿದ ನಮ್ಮ ಊರುಗಳಿಗೆ ಪಶುವೈದ್ಯರು ಬೇಡವೇ? ನರ್ಸಿಂಗ್ ಓದಿದ ನಮ್ಮ ಹೆಣ್ಣುಮಕ್ಕಳು ಎಷ್ಟು ಮನೆ ನಿಲ್ಲಿಸಿದ್ದಾರೆ! ಆದರೆ ಒಂದು ಕೋರ್ಸಿಗೆ ಸೇರಿ ಮತ್ತೆ ಬರೆಯುವವರು, ಸೀಟು ಬಿಟ್ಟರೆ ದಂಡವೆಷ್ಟು ಎಂದು ಮೊದಲೇ ವಿಚಾರಿಸಿಕೊಳ್ಳಿ.

ನಾಲ್ಕೂ ಲೆಕ್ಕ ಕೂಡಿ ಬಂದರೆ ಧೈರ್ಯವಾಗಿ ಬರೆಯಿರಿ. ಆದರೆ ಒಂದೇ ವರ್ಷ ಎಂದು ನಿರ್ಧರಿಸಿ, ಆಮೇಲಿನ ದಾರಿಯನ್ನೂ ಈಗಲೇ ಕಾಗದದ ಮೇಲೆ ಬರೆದಿಡಿ. ಕ್ರಿಸ್ಮಸ್ ಹೊತ್ತಿಗೆ ಮತ್ತೆ ಜೊತೆಗೆ ಕುಳಿತು ನೋಡಿ. ಕೂಡಿ ಬರದಿದ್ದರೆ ಬಿಡುವುದೂ ಒಂದು ಒಳ್ಳೆಯ ನಿರ್ಧಾರವೇ. ಎರಡರಲ್ಲಿ ಯಾವುದಾದರೂ, ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅದನ್ನು ದೇವರ ಕೈಗೊಪ್ಪಿಸಿ. ನಮ್ಮ ಮಕ್ಕಳ ಹೆಸರು ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿದೆ. ಅಲ್ಲಿ ಅಂಕ ಬರೆಯುವ ಕಾಲಂ ಇಲ್ಲ.