ಅವ್ವನ ಗುಳಿಗಿ, ಸಂತೆಯ ಪುಡಿ

ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯಲ್ಲಿ ಈ ಬೇನೆಗೆ ಮೂರು ಹೆಸರು. ಮನೆಯಲ್ಲಿ ‘ಸಕ್ಕರಿ ಬ್ಯಾನಿ’, ಸೊಲ್ಲಾಪುರದ ದವಾಖಾನೆಯಲ್ಲಿ ‘ಮಧುಮೇಹ’, ಔಷಧದ ಅಂಗಡಿಯಲ್ಲಿ ‘ಶುಗರ್’. ನಮ್ಮ ಅವ್ವನಿಗೆ ಅದು ಹತ್ತು ವರ್ಷದಿಂದ ಇದೆ. ಮೇಲೆ ಥೈರಾಯ್ಡ್ ಗ್ರಂಥಿಯೂ ಮಂದ. ಎರಡಕ್ಕೂ ಗುಳಿಗೆ ನಡೆದಿತ್ತು.

ಹೋದ ವರ್ಷ ಸಂತೆಯಲ್ಲಿ ಒಬ್ಬಾತ ‘ಆಂಟಿ ಆಕ್ಸಿಡೆಂಟ್’ ಪುಡಿ ಮಾರುತ್ತಿದ್ದ. “ಆಯೀ, ಇದು ಮೈಯಾಗಿನ ತುಕ್ಕು ತೊಳೀತದ. ಗುಳಿಗಿ ಬಿಟ್ಟಬಿಡ್ರಿ” ಅಂದ. ರೊಕ್ಕ ಎಣಿಸಿ ಕೊಟ್ಟವನು ನಾನೇ. ಎರಡು ತಿಂಗಳಲ್ಲಿ ಅವ್ವನ ಮುಖ ಬಾತಿತು, ಮಾತು ನಿಧಾನವಾಯಿತು, ಹಗಲೆಲ್ಲ ನಿದ್ದೆ. ತಪಾಸಣೆ ಮಾಡಿಸಿದರೆ ಸಕ್ಕರೆ 300 ದಾಟಿತ್ತು!

ಸೊಲ್ಲಾಪುರದ ಡಾಕ್ಟರರು ಕನ್ನಡದವರೇ. “ತುಕ್ಕಿನ ಮಾತು ಸುಳ್ಳಲ್ರೀ, ಅವ ಹೇಳಿದ ಮದ್ದು ಸುಳ್ಳು” ಎಂದು ಬಿಡಿಸಿ ಹೇಳಿದರು.

ಜೀವಕೋಶಗಳು ಆಮ್ಲಜನಕ ಬಳಸಿ ಆಹಾರದಿಂದ ಶಕ್ತಿ ಪಡೆಯುವಾಗ, ಒಲೆಯಿಂದ ಕಿಡಿ ಹಾರಿದಂತೆ, ಸೂಪರಾಕ್ಸೈಡ್ ಎಂಬುದು ಹುಟ್ಟುತ್ತದೆ. ಆ ಕಿಡಿ ನಂದಿಸಲು ದೇಹದಲ್ಲೇ ಕಿಣ್ವಗಳಿವೆ. ಮೊದಲನೆಯದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಇದರ ಕೆಲಸವನ್ನು ತೋರಿಸಿಕೊಟ್ಟರು. ಇದು ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಅದನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದರೆ ಬುಸುಬುಸು ನೊರೆ ಏಳುತ್ತದಲ್ಲ, ಅದು ಕ್ಯಾಟಲೇಸಿನದೇ ಕೆಲಸ.

ರಕ್ತದಲ್ಲಿ ಸಕ್ಕರೆ ಏರಿದರೆ ಕಿಡಿ ಹೆಚ್ಚುತ್ತದೆ. ಸಕ್ಕರೆಯು ಕಿಣ್ವಗಳಿಗೇ ಅಂಟಿಕೊಂಡು ಅವುಗಳ ಬಲ ಕುಗ್ಗಿಸುತ್ತದೆ. ಪೆಟ್ಟು ಬೀಳುವುದು ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳಿಗೆ. “ಥೈರಾಯ್ಡ್ ಮಂದ ಆದ್ರ ಒಲಿನೂ ಮಂದ, ಕಿಡಿ ಕಡಿಮಿ ಆಗಬೇಕಲ್ರೀ?” ಎಂದು ಕೇಳಿದೆ. ಹಾಗಲ್ಲವಂತೆ. ಆಗ ರಕ್ತದಲ್ಲಿ ಕೊಬ್ಬು ಏರುತ್ತದೆ, ಆ ಕೊಬ್ಬಿಗೂ ತುಕ್ಕು ಹಿಡಿಯುತ್ತದೆ. ಈ ರೋಗಿಗಳಲ್ಲಿ ಕಿಣ್ವಗಳ ಚಟುವಟಿಕೆ ಕೆಲವು ಅಧ್ಯಯನಗಳಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ ಕಂಡಿದೆ. ಅದಕ್ಕೇ ಡಾಕ್ಟರರು ಕಿಣ್ವ ಅಳೆದು ಔಷಧ ಬರೆಯುವುದಿಲ್ಲ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡಿಗೆ ಟಿಎಸ್‌ಎಚ್, ಇವನ್ನೇ ನೋಡುತ್ತಾರೆ.

ತುಕ್ಕು ತಡೆಯುವ ಗುಳಿಗೆ ನುಂಗಿದರೆ ಆಗದೇ? ‘ಹೋಪ್’ ಎಂಬ ದೊಡ್ಡ ಪ್ರಯೋಗದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಸಕ್ಕರೆ ಬೇನೆಯವರೂ ಅದರಲ್ಲಿ ಬಹಳ ಮಂದಿ. ಅರ್ಧದಷ್ಟು ಜನರಿಗೆ ಸುಮಾರು ನಾಲ್ಕೂವರೆ ವರ್ಷ ‘ಇ’ ಜೀವಸತ್ವ ಕೊಟ್ಟರು. 2000ದಲ್ಲಿ ಫಲಿತಾಂಶ ಬಂತು: ಹೃದಯಾಘಾತವೂ ತಗ್ಗಲಿಲ್ಲ, ಲಕ್ವಾವೂ ತಗ್ಗಲಿಲ್ಲ. ಕಿಡಿಯ ಬೆನ್ನು ಹತ್ತುವುದಕ್ಕಿಂತ ಒಲೆಯನ್ನು ಹದಕ್ಕೆ ತರುವುದು ಮೇಲು.

ಅವ್ವ ಈಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಥೈರಾಯ್ಡ್ ಗುಳಿಗೆ ನುಂಗುತ್ತಾಳೆ. ಅರ್ಧ ತಾಸಿನಿಂದ ಒಂದು ತಾಸು ಬಿಟ್ಟೇ ಚಹಾ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ನಾಲ್ಕು ತಾಸು ತಡೆದು. ಥೈರಾಯ್ಡ್ ಔಷಧ ಮತ್ತೆ ಶುರುವಾದ ಮೇಲೆ ಸಕ್ಕರೆಯ ಔಷಧದ ಪ್ರಮಾಣ ಬದಲಿಸಬೇಕಾಗಬಹುದು. ಅದಕ್ಕಾಗಿ ಪದೇ ಪದೇ ತಪಾಸಣೆ ಮಾಡಿಸಿದೆವು.

ಸಂತೆಗೆ ಹೋಗುವ ನಮ್ಮವರಲ್ಲಿ ಒಂದೇ ಬಿನ್ನಹ. ಪುಡಿ ಕೊಳ್ಳುವುದು ಬಿಡುವುದು ನಿಮ್ಮಿಷ್ಟ. ಡಾಕ್ಟರರನ್ನು ಕೇಳದೆ ಗುಳಿಗೆ ಮಾತ್ರ ಬಿಡಬೇಡಿ. ನಾನು ರೊಕ್ಕ ಕೊಟ್ಟು ಕಲಿತ ಪಾಠವಿದು. ಆ ಎರಡು ತಿಂಗಳು ನರಳಿದವಳು ಅವ್ವ.